ಎಳ್ಳಷ್ಟು

ಒಕ್ಬಾಜ್ಗಿಯ ಅಂಗಡಿಯಲ್ಲಿ ಅಳತೆಪಟ್ಟಿ ಇಲ್ಲ.
ಒಂದು ದಾರ, ದಾರದ ತುದಿಗೆ ತುಕ್ಕು ಹಿಡಿದ ನಟ್ಟು,
ಗ್ರೀಸು ಮೆತ್ತಿದ ಗೋಡೆ.
"ಹತ್ತು" ಅಂದ. ಹತ್ತಿದೆ.
ಗೋಡೆಗೆ ಮೊಣಕೈ ಊರಿ ಹಿಮ್ಮುಖ ತುಳಿದೆ,
ಎಲ್ಲಿಗೂ ಹೋಗದ ಸೈಕಲ್ಲಿನ ಮೇಲೆ
ಹತ್ತು ನಿಮಿಷದ ಪಯಣ.

ಹೊರಗೆ ಅಸ್ಮಾರಾದ ಬೆಳಗು,
ಪಕ್ಕದ ಬಾರಿನಲ್ಲಿ ಕಾಫಿ ಯಂತ್ರದ ಬುಸುಗುಟ್ಟು,
ನಿನ್ನೆಯ ರೇಸು ಸೋತವರ ಹುಸಿ ಜಗಳ.
ಅವನ ಕಣ್ಣು ಮಾತ್ರ ನನ್ನ ಸೊಂಟದ ಮೇಲೆ:
ಹುಡುಗಿಯ ಸೊಂಟ ನೋಡುವ ಹಾಗಲ್ಲ,
ತಕ್ಕಡಿಯ ಮುಳ್ಳು ನೋಡುವ ಹಾಗೆ.

"ತೂಗುತ್ತೀಯ. ಈ ಎತ್ತರ ಯಾರದ್ದು?"

ಅಕ್ಕನದ್ದು.
ಸೀಟಿನ ಕಂಬದ ಮೇಲೆ ಅವಳ ಉಗುರುಬಣ್ಣದ ಗೀಟು,
ಕೆಂಪು, ಅಂಚು ಸವೆದದ್ದು.
ಡೆಕೆಮ್ಹಾರೆಯ ದಾರಿಯಲ್ಲಿ ಫ್ಯೋರಿ
ಎಲ್ಲರನ್ನೂ ಹಿಂದೆ ಹಾಕಿದ ಎತ್ತರ ಅದು.
ಎರಡು ವರ್ಷ ಆ ಗೀಟು ಬಿಟ್ಟು ಕದಲಲಿಲ್ಲ ನಾನು.
ಕಾಲ್ಬೆರಳ ತುದಿಯಲ್ಲಿ ಪೆಡಲು ಹುಡುಕುತ್ತ,
ಮಂಡಿಯ ಹಿಂದೆ ಸೂಜಿ ಆಡಿದಾಗಲೂ
ಅಭ್ಯಾಸ ಸಾಲದು ಅಂದುಕೊಂಡೆ.

ಬಿಚ್ಚಿದ. ಎರಡು ಬೆರಳು ಇಳಿಸಿದ.
ಹಿಮ್ಮಡಿ ಇಡು, ಕಾಲು ನೆಟ್ಟಗಾಗಲಿ, ಹಾಂ.
ಮಂಡಿಚಿಪ್ಪಿನ ಕೆಳಗಿಂದ ದಾರ ಬಿಟ್ಟ.
ನಟ್ಟು ತೂಗಿತು, ತೂಗಿತು,
ಪೆಡಲಿನ ಅಚ್ಚು ದಾಟಿ ಮುಂದೆ ನಿಂತಿತು.
"ಹಿಂದಕ್ಕೆ. ಎಳ್ಳಷ್ಟು."
ಇಳಿ, ಹತ್ತು. ಇಳಿ, ಹತ್ತು.
ಮೂಗು ಎತ್ತಿದರೆ ಉರಿ, ತಗ್ಗಿಸಿದರೆ ಅಂಗೈ ಜೋಮು.
ಮದುವೆಮನೆಯಲ್ಲಿ ಬೀಗರನ್ನು ಕೂರಿಸುವುದೂ
ಇಷ್ಟು ಕಷ್ಟವಿಲ್ಲ.

ಮಧ್ಯಾಹ್ನ ಅರ್ಬರೋಬಾದ ತಿರುವುಗಳಿಗೆ ಹೋದೆ.
ಇಳಿಯುವಾಗ ಏನೂ ತಿಳಿಯಲಿಲ್ಲ,
ಇಳಿಜಾರಿಗೆ ಎಲ್ಲ ಸೀಟೂ ಸರಿಯೇ.
ನೆಫಾಸಿಟ್‌ನಲ್ಲಿ ತಿರುಗಿಸಿ ಏರತೊಡಗಿದಾಗ
ಕೆಂಪು ಸಮುದ್ರದ ಕಡೆಯಿಂದ ಮಂಜು ಬೆನ್ನಟ್ಟಿತು.
ತಡೆಗೋಡೆಯ ಮೇಲೆ ಬಬೂನುಗಳು,
ಯಾರೂ ಸರಿಮಾಡಿಕೊಡದೆಯೇ
ಎಷ್ಟು ಚೆನ್ನಾಗಿ ಕೂತಿದ್ದವು!
ಏಳನೆಯ ತಿರುವಿನಲ್ಲೋ ಎಂಟರಲ್ಲೋ
ಕೆಳಗೆ ಸೀಟು ಅಂತೊಂದು ಇದೆ ಎನ್ನುವುದೇ
ಮರೆತುಹೋಗಿತ್ತು.

ಕೆರೆನ್‌ನಿಂದ ಅಕ್ಕ ಬಂದಳು.
ಮಗುವನ್ನು ನನ್ನ ಕೈಗಿಟ್ಟು "ಒಂದೇ ಸುತ್ತು" ಎಂದು ಹತ್ತಿದಳು,
ಮೂಲೆಯ ತಾಳೆಮರದ ತನಕ ಹೋಗಿ ಬಂದಳು.
"ಮಂಡಿ ಎದೆಗೆ ಬಡಿಯುತ್ತೆ. ಯಾರದೋ ಸೈಕಲ್ಲು ಇದು."
ನಕ್ಕಳು. ಆಮೇಲೆ ಬಗ್ಗಿ
ಕಂಬದ ಸುತ್ತ ಹೆಬ್ಬೆರಳಾಡಿಸಿ ತನ್ನ ಗೀಟು ಹುಡುಕಿದಳು.
ಅದು ಕೊಳವೆಯೊಳಗೆ ಇಳಿದುಹೋಗಿತ್ತು.
ಹೇಳಲೇ, ಬೇಡವೇ ಎಂದು
ನಾನು ಮಗುವಿನ ಟೋಪಿ ಸರಿಮಾಡುತ್ತ ನಿಂತೆ.

ಅವಳೇ ಕೈಚೀಲ ತಡಕಿ ಶೀಶೆ ತೆಗೆದಳು.
ನೇರಳೆ, ಈ ಸಲ.
ನಾಲಿಗೆ ಕಚ್ಚಿಕೊಂಡು ಒಂದು ಗೀಟೆಳೆದಳು,
ಊದಿದಳು.
"ಒಣಗಲಿ, ಮುಟ್ಟಬೇಡಿ."

ಮಗು ಮುಟ್ಟಿತು.