ಬೋಲ್ಟು ಯಾವ ಕಡೆ

ಕ್ಲಬ್ಬಿನ ಕಪಾಟಿನಲ್ಲಿ ಐದು ಪಾಯಿಂಟ್ ಟೂಟೂ ರೈಫಲ್ಲು,
ಐದೂ ಬಲಗೈಯವು.
ಇಪ್ಪತ್ತಾರು ವರ್ಷ ಆರ್ಮರರ್ ಆಗಿದ್ದವನು ನಾನು,
ಬೋಲ್ಟು ಬಲಕ್ಕೇ ಯಾಕೆ ಎಂದು
ಒಂದು ದಿನವೂ ಕೇಳಿಕೊಂಡವನಲ್ಲ.
ಬಾಗಿಲ ಚಿಲಕ ಆ ಕಡೆಗೇ ಯಾಕೆ ಎಂದು
ಯಾರು ಕೇಳುತ್ತಾರೆ?

ಮುಕ್ತಾ ಬಂದಳು, ಹದಿಮೂರು ವರ್ಷ,
ಕಟ್ಟಿನಕೆರೆ ಮಾರ್ಕೆಟ್ ಹಿಂದಿನ
ಟೈಲರ್ ತುಕಾರಾಂ ರಾಯರ ಮಗಳು.
ಚಾಪೆಯ ಮೇಲೆ ಬೋರಲು ಮಲಗಿ
ಎಡ ಭುಜಕ್ಕೆ ಒತ್ತಿಕೊಂಡಳು.
‘ಆ ಕಡೆ ಅಲ್ಲ ಕಣವ್ವ’ ಎಂದೆ. ತಿರುಗಿಸಿಕೊಂಡಳು.
ನಾನು ಅತ್ತ ತಿರುಗುವಷ್ಟರಲ್ಲಿ
ಬಂದೂಕು ಮತ್ತೆ ಎಡಕ್ಕೆ,
ನೀರು ತಗ್ಗಿಗೆ ಬಂದ ಹಾಗೆ.

ಆಗಲಿ ಎಂದು ಹತ್ತು ಗುಂಡು ಕೊಟ್ಟೆ.
ಒಂದೊಂದಕ್ಕೂ ಕೆನ್ನೆ ಎತ್ತಬೇಕು,
ಟ್ರಿಗರ್ ಬಿಟ್ಟ ಕೈ ಮೇಲಿನಿಂದ ದಾಟಿ ಬೋಲ್ಟು ಹುಡುಕಬೇಕು,
ಅಟ್ಟದ ಡಬ್ಬಕ್ಕೆ ಕತ್ತಲಲ್ಲಿ ಕೈ ಹಾಕಿದ ಹಾಗೆ.
ಬಿಸಿ ಬಿಸಿ ಖಾಲಿ ಕೇಸು
ಕನ್ನಡಕಕ್ಕೆ ಟಿಣ್ ಎಂದು ಬಡಿಯಿತು.
ಕಾಗದದಲ್ಲಿ ಹತ್ತು ತೂತು, ಹತ್ತು ಊರು.

ಸಂಜೆ ಬಂದ ರಾಯರಿಗೆ ವಿವರಿಸಲು ಹೊರಟೆ.
ಅವರೇ ತಡೆದರು:
‘ನನ್ನ ಕತ್ತರಿ ಇವಳ ಕೈಲಿ ಕತ್ತರಿಸಲ್ಲ ಸಾರ್, ಅಗಿಯುತ್ತೆ.
ಮೂರು ವರ್ಷ ಬೈದೆ.
ಆಮೇಲೊಬ್ಬ ಏಜೆಂಟು ಉಲ್ಟಾ ಅಲಗಿನ ಕತ್ತರಿ ತಂದ.
ಅವತ್ತೇ ಒಂದು ಲಂಗ ಕತ್ತರಿಸಿದಳು.
ಬೈದದ್ದನ್ನ ವಾಪಸ್ ತಗೊಳ್ಳೋಕೆ ಆಗುತ್ತಾ?’

ಆರನೇ ರೈಫಲ್ಲಿಗೆ ಕಮಿಟಿಯಲ್ಲಿ ದುಡ್ಡಿತ್ತು.
‘ಒಬ್ಬಳಿಗೋಸ್ಕರ ಎಡಗೈಯದಾ?
ಮಿಕ್ಕ ಹದಿನೇಳು ಮಕ್ಕಳು?’ ಖಜಾಂಚಿ ನಂಜೇಶ ಕೇಳಿದ.
ಮಿಕ್ಕವರಿಗೆ ಐದಿವೆ ಎಂದೆ.
ಎರಡೂ ಕೈಗೆ ಆಗುವಂಥದೊಂದು ತೋರಿಸಿದ.
ನೋಡಿದೆ: ಮರ ಎರಡೂ ಕೆನ್ನೆಗೆ, ಬೋಲ್ಟು ಬಲಕ್ಕೇ.
ಪಂಕ್ತಿಯಲ್ಲಿ ಕೂರಿಸಿ ಎಲೆ ಹಾಕದ ಹಾಗೆ.

ಮ್ಯಾಗಜೀನ್ ಬೇಡ, ಒಂದೊಂದೇ ಗುಂಡು ಸಾಕು.
ಹತ್ತು ತುಂಬಿದ್ದರೆ ಮನಸ್ಸು ಮುಂದಿನದರ ಮೇಲೇ.
ದುರ್ಬೀನು ಈಗಲೇ ಬೇಡ.
ತೂಕ ಮೂರು ಕೆಜಿ ದಾಟಬಾರದು.
ಮರದ ಉದ್ದ ಎಷ್ಟು ಎನ್ನುವಾಗ
ರಾಯರು ಕೊರಳಿನ ಟೇಪು ತೆಗೆದು
ಮಗಳ ಮೊಣಕೈ ಮಡಿಕೆಯಿಂದ ತೋರುಬೆರಳ ತನಕ ಎಳೆದರು.
‘ಹನ್ನೆರಡೂ ಮುಕ್ಕಾಲು. ಬೆಳೆಯೋ ಹುಡುಗಿ,
ಒಳಗೆ ಒಂದಿಂಚು ಮಡಿಚಿಡಿ.’
ಮಡಿಕೆ ಬಿಚ್ಚುವ ಬದಲು ಹಲಗೆ ಸೇರಿಸಬೇಕು, ಅಷ್ಟೇ ವ್ಯತ್ಯಾಸ.

ಸಹಿಗೆ ಮುಂಚೆ ಮಾಡಬೇಕಾದದ್ದು
ಸಹಿ ಮಾಡುವಾಗ ನೆನಪಾಯಿತು.
‘ಎರಡೂ ಅಂಗೈ ಕೂಡಿಸಿ ಸಣ್ಣ ಕಿಂಡಿ ಮಾಡವ್ವ,
ಅದರೊಳಗೆ ಸೀಗೆಗುಡ್ಡ ಹಿಡಿ.
ಎಡಗಣ್ಣು ಮುಚ್ಚು.’
‘ಗುಡ್ಡ ಅಲ್ಲೇ ಇದೆ ಸಾರ್.’
‘ಈಗ ಬಲಗಣ್ಣು.’
‘ಹೋಯ್ತು.’

ಕೈ ಎಡ, ಯಜಮಾನ ಕಣ್ಣು ಬಲ.
ನಂಜೇಶ ಪೆನ್ನಿನ ಕ್ಯಾಪು ಹಾಕಿದ.

ಎರಡು ದಾರಿ ನನಗೆ ಗೊತ್ತಿದ್ದವು:
ಭುಜ ಬದಲಿಸು, ಇಲ್ಲ ಕಣ್ಣನ್ನು ಒಪ್ಪಿಸು.
ನೂರಾರು ಹುಡುಗರ ಭುಜ ನಾನೇ ಬದಲಿಸಿದ್ದೆ,
ಕೇಳದೆ.
ಇವಳನ್ನು ಕೇಳಿದೆ.
ಅಂಗೈ ನೋಡಿಕೊಂಡು ಹೇಳಿದಳು:
‘ಕಣ್ಣಿಗೇ ಹೇಳ್ತೀನಿ ಸಾರ್.
ಕೈಗೆ ಎಲ್ಲರೂ ಹೇಳಿಯಾಗಿದೆ.’

ಏಳು ತಿಂಗಳಿಗೆ ಬಂತು ರೈಫಲ್ಲು.
ಕನ್ನಡಕದ ಬಲ ಗಾಜಿಗೆ ಮಸುಕು ಟೇಪಿನ ತುಂಡು.
ಕೆನ್ನೆ ಕದಲಲಿಲ್ಲ; ಎಡಗೈ
ಹಾಲಿನ ಪಾತ್ರೆಯ ಮುಚ್ಚಳದಂತೆ ಬೋಲ್ಟು ಎತ್ತಿ ಇಳಿಸಿತು.
ಎಂಟು ತೂತು ಒಂದೇ ಊರಿನಲ್ಲಿ,
ಎರಡು ಪಕ್ಕದ ತಾಲ್ಲೂಕಿನಲ್ಲಿ.

ನಾನೂ ನೋಡ್ತೀನಿ ಎಂದು ನಂಜೇಶ ಮಲಗಿದ.
ಹೊಡೆದ. ಅವನ ಬಲಗೈ
ಇಲ್ಲದ ಬೋಲ್ಟನ್ನು ಗಾಳಿಯಲ್ಲಿ ತಡಕಿತು,
ಮತ್ತೊಮ್ಮೆ ತಡಕಿತು.
‘ಎಲ್ಲಿಟ್ಟಿದಾರೋ ಇದನ್ನ!’

‘ನಿಧಾನ ಅಂಕಲ್,’ ಎಂದಳು ಮುಕ್ತಾ,
‘ಅಭ್ಯಾಸ ಆಗುತ್ತೆ.’