ಕೇಳಿಸ್ತೇನು?

ಬಿಆರ್ ಅಂದ್ರ ಮಂಜು, ಎಫ್‌ಯು ಅಂದ್ರ ಹೊಗಿ.
ಫ್ರೆಂಚರ ಬಾಯಿಂದ ಬಂದಾವಂತ, ನಮ್ಮ ಗೋಕುಲ ರೋಡಿಗೆ.
ಎಂ ಅಂದ್ರ ಸೊನ್ನಿಗಿಂತ ಕೆಳಗ;
"ಅದನ್ನ ಬಿಡವಾ, ಹುಬ್ಬಳ್ಳ್ಯಾಗ ಅದಕ್ಕ ಉದ್ಯೋಗ ಇಲ್ಲ"
ಅಂದ್ರು ಖಾದರಸಾಬ ನವಲಗುಂದ,
ಇಪ್ಪತ್ತೊಂಬತ್ತು ವರ್ಷ ಮೋಡ ಎಣಿಸಿದವರು.
ಎಂಟು ಪಾಲು ಆಕಾಶ, ರೊಟ್ಟಿ ಮುರಿದಂಗ:
ಎರಡು ಪಾಲು ಫ್ಯೂ, ನಾಕಾದ್ರ ಸ್ಕ್ಯಾಟರ್ಡ್,
ಏಳಾದ್ರ ಬ್ರೋಕನ್, "ಇನ್ನೂ ಒಂದು ತುಣುಕು ಉಳದೈತಿ ನೋಡು."
ನೃಪತುಂಗ ಬೆಟ್ಟ ಧೂಳಿನ್ಯಾಗ ಮಸುಕಾದ್ರ ಎಚ್‌ಝಡ್.
ಗೊತ್ತಿಲ್ಲದ್ದಕ್ಕ ಅಡ್ಡಗೆರಿ.
ಸುಳ್ಳು ಬರೀಬ್ಯಾಡ, ಗೆರಿ ಎಳಿ.

ಟಿಎಸ್ ಮಾತ್ರ ಕಣ್ಣಿಂದಲ್ಲ.
ಮಿಂಚು ಎಷ್ಟ ಕುಣದ್ರೂ
ಗುಡುಗು ಕಿವಿಗೆ ಬಿದ್ದ ಮ್ಯಾಲೇನ ಆ ಎರಡಕ್ಷರ.
"ಕೇಳಿಸ್ತೇನು, ನೀಲಗಂಗಾ?"
ಪ್ರತಿ ಸಲ ಕೇಳತಿದ್ರು. ಪರೀಕ್ಷಾ ಅನ್ಕೊಂಡಿದ್ದೆ.
"ತಾರಿಹಾಳದ ಕಡೆ ರೀ, ದೂರ" ಅಂದ್ರ
ವಿಸಿಟಿಎಸ್ ಅಂತ ದುಂಡಗ ಬರದು
ಪೆನ್ನಿಗೆ ಟೊಪಗಿ ಹಾಕತಿದ್ರು.

ಮೊನ್ನೆ ಏಪ್ರಿಲ್ಲಿನ್ಯಾಗ, ಸಂಜಿ ನಾಕೂವರಿ,
ನೆತ್ತಿ ಮ್ಯಾಲ ಹೊಡೀತು.
ರನ್‌ವೇ ಹುಲ್ಲಿನ ಟಿಟ್ಟಿಭಗಳು ಒದರಿಕೋತ ಎದ್ದವು.
ಚಹಾದ ಹುಡುಗ ಕಪ್ಪು ಕೈಬಿಟ್ಟ.
ಖಾದರಸಾಬರು ಹಕ್ಕಿ ನೋಡಿದ್ರು, ಹುಡುಗನ್ನ ನೋಡಿದ್ರು,
ಆಮ್ಯಾಲೆ ನನ್ನ ತುಟಿ ನೋಡಕೋತ
"ಕೇಳಿಸ್ತೇನು?"

ಹೂಂ ಅಂದೆ.
ಟಿಎಸ್ ಬಿತ್ತು ಸಾಲಿನ್ಯಾಗ, ಎಂದಿನಂಗ ದುಂಡಗ.

ಈಗ ಅವರು ಕೇಳೂದಕ್ಕ ಮೊದಲ
ಕೈ ಎತ್ತತೀನಿ.