ನಾಕು ಹಲ್ಲು ಮುಂದ

ಗೇರ್ ಬಾಕ್ಸ್ ಇಳಿಸಿದ ಕೂಡಲೇ ವಾಸನಿ.
ಕೂದಲಾ ಸುಟ್ಟಂಗ, ಅದರ ಮ್ಯಾಲ ಒಂದೀಟು ಗಂಧಕ.
ಮೂಗಿಗೆ ಬಡದರ ಸಾಕು,
ಬಿಲ್ ಎಷ್ಟಾಗತೈತಿ ಅಂತ ಹೇಳತೀನಿ.

ಧಾಯರಿ ಫಾಟಾದ ಈ ತಗಡಿನ ಶೆಡ್ಡಿನ್ಯಾಗ
ಇಪ್ಪತ್ತೆರಡು ವರ್ಷ ಗಾಡಿಗಳ ಹೊಟ್ಟಿ ಕೆಳಗ ಮಲಗೀನಿ.
ಇಂಡಿ ತಾಲ್ಲೂಕಿನ ಸಿದರಾಯ ನಾನು,
ಇಲ್ಲಿ ಎಲ್ಲಾರಿಗೂ ಅಣ್ಣಾ.
ಮ್ಯಾಲ ಕುಂತವರ ಮಾರಿ ನನಗ ನೆನಪಿರೂದಿಲ್ಲ.
ಕಾಲು ನೆನಪಿರತಾವ.

ಕಾತ್ರಜ ಘಾಟ ನ್ಯೂಟ್ರಲ್ಲಿನ್ಯಾಗ ಇಳಿಸಿ
ಒಂದು ಚಾದ ರೊಕ್ಕದಷ್ಟು ಪೆಟ್ರೋಲ ಉಳಿಸಿದಾಂವ
ಬ್ರೇಕ್ ಪ್ಯಾಡ್ ಹಪ್ಪಳ ಮಾಡಿಕೊಂಡು ಬರತಾನ.
ಗೇರಿನ ಗುಂಡಿನ ಮ್ಯಾಲ ದಿನವಿಡೀ ಕೈ ಇಟ್ಟಾಂವ,
ಅದನ್ನ ಹೆಂಡತಿ ಹೆಗಲ ಮ್ಯಾಲ ಇಟ್ಟಿದ್ದರ ಮನಿ ಉದ್ಧಾರ ಆಗತಿತ್ತು,
ಒಳಗಿನ ಫೋರ್ಕು ತಿಂದು ಹಾಕಿರತಾನ.
ಎಣ್ಣಿ ನೋಡೂ ಕಡ್ಡಿ ಎಲ್ಲೈತ್ರಿ ಅಂದರ
ಒಬ್ಬಾಂವ ಹೋಗಿ ಡಿಕ್ಕಿ ತಗದ.
ಹೋಗಲಿ ಬಿಡ್ರಿ, ಅವರಿಂದಽ ನನ್ನ ಒಲಿ ಉರಿಯೂದು.

ಆದರ ಖಾಸಗೀವಾಲೆ ಸಾಹೇಬರು ಹಂಗಲ್ಲ.
ನೀರಾವರಿ ಖಾತೆಯೊಳಗ ಇದ್ದವರು.
ಗಾಡಿಯ ಗೂಡಿನ್ಯಾಗ ಒಂದು ಡೈರಿ,
ಹಾಕಿಸಿದ ಒಂದೊಂದು ಲೀಟರಿಗೂ ತಾರೀಖು.
ಐತವಾರಕ್ಕೊಮ್ಮೆ ಟಾಯರಿಗೆ ಗಾಳಿ.
ಮುಂಜಾನೆ ಎಂಜಿನ್ ಚಾಲೂ ಮಾಡಿ
ಎಣ್ಣಿ ಮ್ಯಾಲ ಏರಲೆಂತ ಮೂವತ್ತು ಎಣಿಸತಾರ,
ಆಮ್ಯಾಲ ಹಗೂರಕ ಹೊಂಡತಾರ.
ಅಂಥಾವರ ಕ್ಲಚ್ಚು ಹದಿನೆಂಟು ಸಾವಿರಕ್ಕ
ನೀಲಿ ಕಲಿ ಬಿದ್ದು ನನ್ನ ಅಂಗೈ ಮ್ಯಾಲ.

“ಅಶಕ್ಯ!” ಅಂದರು. “ನಲವತ್ತು ವರ್ಷದಾಗ
ಕ್ಲಚ್ಚಿನ ಮ್ಯಾಲ ಕಾಲು ಇಟ್ಟು ಕುಂತಾಂವಲ್ಲ ನಾನು.
ಆ ತೊಳಿಯೂ ಹುಡುಗನ ಕೈ ಸುಮ್ಮನಿರೂದಿಲ್ಲ ನೋಡು,
ದಿನಾ ನನ್ನ ಕನ್ನಡಿ ಕೆಳಗ ಹೊಳ್ಳಸತಾನ.”

ನಾ ಒಳಗ ಬಗ್ಗಿ ನೋಡಿದೆ.
ಸೀಟಿನ ಹಳಿ ನಾಕು ಹಲ್ಲು ಮುಂದಿನತನಕ
ಧೂಳು ಹೋಗಿ ಮಿಂಚತಿತ್ತು.
ಎಡಕ್ಕ, ಮ್ಯಾಟಿನ ಮ್ಯಾಲ,
ಸಣ್ಣ ಹಿಮ್ಮಡ ಊರಿ ಊರಿ ಸವದ ಗುರುತು,
ಅದರ ಬಾಜೂಕ ಒಂದು ಕೂದಲ ಪಿನ್ನು.

ಸೋಮಾರಿ ಕಾಲು ಸುಡೂ ರೀತಿನಽ ಬ್ಯಾರೆ.
ಇದು ಅಂಜಿದ ಕಾಲು.
ತಳಜಾಯಿ ಗುಡ್ಡದ ಏರಿನ್ಯಾಗ, ಇನ್ನೂ ಬೆಳಕು ಹರಿಯೂ ಮುಂಚೆ,
ಗಾಡಿ ಹಿಂದ ಜಾರೀತಂತ
ಅರ್ಧ ಕ್ಲಚ್ಚಿನ ಮ್ಯಾಲ ಅದನ್ನ ತೂಗಿ ಹಿಡದ ಕಾಲು.
ಅಂಜಿಕೊಂಡೂ ಮರುದಿನ ಮತ್ತ ಬಂದ ಕಾಲು.

ಕುಮುದಿನಿಬಾಯಿ ಹಳೇ ಟಾಯರಿನ ರಾಶಿ ಹಂತ್ಯಾಕ ನಿಂತಿದ್ದರು,
ಕೊತ್ತಂಬರಿ ಹೊರಗ ಹಣಿಕಿದ ಚೀಲ ಹಿಡಕೊಂಡು.
ಪ್ಲೇಟನ್ನ ಒಮ್ಮೆ ನೋಡಿದರು,
ತಾವಽ ತಳಾ ಹತ್ತಿಸಿದ ಭಗೋಣಿ ನೋಡಿದಂಗ.

“ಮಾಲು ಖೋಟಾ ಬರಾಕ ಹತ್ತೈತಿ ಸಾಹೇಬ,” ಅಂದೆ.
ಸಾಹೇಬರು ಕಾಲಮಾನಕ್ಕ ಬೈಯಾಕ ಹತ್ತಿದರು.
ಅದು ಚಡ್‌ಚಣದ ಇಸಾಕ ಚಾ ತಂದು ಕೊಡೂತನಕ ನಡೀತು.

ಅವನ್ನಽ ಹಿಡದು ನಿಲ್ಲಿಸಿದೆ.
ನಾವಿಬ್ಬರೂ ಮಾತಾಡೂದು ಕನ್ನಡ,
ಅವತ್ತು ಮರಾಠಿಯೊಳಗ, ದೊಡ್ಡ ದನಿ ತಗದು ಅಂದೆ:
“ಏರಿನ್ಯಾಗ ನಿಂತರ ಹ್ಯಾಂಡ್ ಬ್ರೇಕ್ ಎಳೀಲೇ ಇಸಾಕ.
ಕ್ಲಚ್ಚು ಸೌಕಾಶ ಬಿಡು.
ಗಾಡಿ ತಾನಽ ಒಂದೀಟು ಮೂಗು ಎತ್ತತೈತಿ,
ಆಗ ಹ್ಯಾಂಡ್ ಬ್ರೇಕ್ ಇಳಸು. ಹಿಂದ ಹೋಗೂದಿಲ್ಲ, ನಾ ಹೇಳತೀನಿ.
ಹೊಂಟ ಮ್ಯಾಲ ಎಡಗಾಲು ಪೂರಾ ತಗದು ಬಾಜೂಕ ಇಡು.
ಅದಕ್ಕೂ ಒಂದು ಜಾಗಾ ಇರತೈತಿ.”

ನಿನ್ನೆ ರಾತ್ರಿಯಷ್ಟಽ ಸೋಲಾಪುರದಿಂದ ಟೆಂಪೋ ಹೊಡಕೊಂಡು ಬಂದ ಇಸಾಕ
ಮಾಲಕಗ ಬಿಸಲು ಬಡದೈತಿ ಅನ್ನೂವಂಗ ನೋಡಿದ.
ಟಾಯರಿನ ಕಡೆ ಕೊತ್ತಂಬರಿ ಒಮ್ಮೆ ಅಲುಗಿತು.

ಸಂಜೀಕ ಹೊಸ ಪ್ಲೇಟು ಕುಂತಿತು.
ಬಿಲ್ಲಿನ್ಯಾಗ ಬರಿಯದ ಕೆಲಸ ಒಂದು ಉಳದಿತ್ತು.
ಬ್ಯಾಟರಿ ಬಾಯಾಗ ಕಚ್ಚಿಕೊಂಡು
ಸೀಟಿನ ಹಳಿಗೆ ಎಣ್ಣಿ ಬಿಟ್ಟೆ,
ಸರಿಸಿ ನೋಡಿದೆ ನಾಕು ಹಲ್ಲು ಮುಂದ, ನಾಕು ಹಲ್ಲು ಹಿಂದ,
ಮತ್ತೊಂದು ಹನಿ,
ಸಪ್ಪಳ ಹೋಗೂತನಕ.